ಬೇಯುವ ನೀರು, ಬಿಚ್ಚುವ ನೀರು

ಶಿಡ್ಲಘಟ್ಟದಲ್ಲಿ ಗೂಡಿನ ಹರಾಜು ಮುಗಿಯುವ ಹೊತ್ತಿಗೆ
ಪಿಳ್ಳಾಂಜಿ, ಸುಮುಖ, ಅಫ್ಶಾನ್, ನಾನು,
ಡಿಪ್ಲೊಮಾ ಕೊನೇ ವರ್ಷದವರು,
ಒಂದು ತಕ್ಕಡಿ, ಒಂದು ಥರ್ಮಾಮೀಟರು, ಗೆರೆ ಹಾಕಿದ ಪುಸ್ತಕ ಹಿಡಿದು
ಇನಾಯತ್ ಸಾಬರ ಚರಕದ ಮನೆ ಹೊಕ್ಕೆವು.

ವಾಸನೆಗೆ ಮುಖ ತಿರುಗಿಸಿದವನು ಪಿಳ್ಳಾಂಜಿ.
ಅವನ ಮೂಗು ಇದೇ ಊರಿನದು, ಆದರೂ.

"ದಿನಕ್ಕೆ ಎಷ್ಟು ಸೌದೆ ಸುಡ್ತೀರ?"
"ಬೇಕಾದಷ್ಟು."
"ನೀರು?"
"ಬಂದಷ್ಟು."
ಪುಸ್ತಕದ ಮೊದಲ ಪುಟದಲ್ಲಿ
ಆ ಎರಡು ಉತ್ತರ ಹಾಗೇ ಬರೆದುಕೊಂಡೆ.

ಹನ್ನೊಂದು ದಿನ ತೂಗಿದೆವು:
ನೀಲಗಿರಿ, ಹುಣಸೆ ಬೊಡ್ಡೆ, ಯಾರದೋ ಮುರಿದ ಬಾಗಿಲು.
ಚಿಲಕ ಕಳಚಿ ಕೊಟ್ಟ ಸಾಬರು
"ಇದನ್ನೂ ತೂಗಿಬಿಡಿ" ಎಂದು ನಕ್ಕರು.
ಹೊಗೆ ಮಾತ್ರ ತಕ್ಕಡಿಗೆ ಬರಲಿಲ್ಲ;
ಎದುರು ಮನೆಯವರು ಒಣಹಾಕಿದ ಪಂಚೆ
ಸಂಜೆಗೆ ಯಾವ ಬಣ್ಣಕ್ಕೆ ತಿರುಗಿತು
ಎಂಬುದೇ ನಮ್ಮ ಅಳತೆ.

ಚರಂಡಿಯ ನೀರು ಬಾಟಲಿಯಲ್ಲಿ ಹಿಡಿದು
ಬೆಳಕಿಗೆ ಎತ್ತಿ ತೋರಿಸಿದಳು ಅಫ್ಶಾನ್.
"ಚಾಯ್ ಥರ ಐತಲ್ಲ, ನಿಜದ್ದು ತರಿಸ್ಲಾ?"
ತರಿಸಿದರು. ಕುಡಿದೆವು.
ಒಪ್ಪಿಸುವುದು ಹೇಗೆಂದು
ಯಾವ ಪಾಠದಲ್ಲೂ ಇರಲಿಲ್ಲ.

ಹನ್ನೆರಡನೆಯ ದಿನ,
ಅಲ್ಲಿಯತನಕ ನಮ್ಮತ್ತ ತಿರುಗಿಯೂ ನೋಡದ ವೆಂಕಟರತ್ನಮ್ಮ
ಕುದಿವ ಬಟ್ಟಲಿಂದ ಕೈ ಎತ್ತಿ
ನನ್ನ ಪುಸ್ತಕದ ಮೇಲಿಟ್ಟಳು, ಒದ್ದೆ ಒದ್ದೆ.
"ಸೌದೆ ಬರ್ಕೊಂಡೆ, ನೀರು ಬರ್ಕೊಂಡೆ,
ಇದನ್ನ ಯಾವ ಕಾಲಮ್ಮಿಗೆ ಹಾಕ್ತೀಯಮ್ಮಾ?"

ಬೆರಳ ತುದಿ ಬೆಂದ ಆಲೂಗಡ್ಡೆಯ ಸಿಪ್ಪೆ.
ಗೆರೆಗಳಿಲ್ಲ.
ರೇಷನ್ ಅಂಗಡಿಯ ಮಿಷನ್ನು
ಅವಳನ್ನು ಅವಳೆಂದು ನಂಬುವುದಿಲ್ಲವಂತೆ,
ಮಗನ ಹೆಬ್ಬೆಟ್ಟಿಗೆ ಕಾದು ಅಕ್ಕಿ ತರಬೇಕಂತೆ.
ಪುಟದ ಶಾಯಿ ಹರಡಿ
ನೂರಾ ನಲವತ್ತು ಕೇಜಿ
ಒಂದು ನೀಲಿ ಕೆರೆಯಾಯಿತು.

ಅವತ್ತು ಲೆಕ್ಕ ಬೇರೆ ಕಡೆಯಿಂದ ಶುರುವಾಯಿತು.
ಗೂಡು ಬೇಯಲು ಕುದಿ ಬೇಕು, ಸರಿ.
ಎಳೆ ಬಿಚ್ಚುವುದಕ್ಕೂ ಕುದಿಯೇ ಯಾಕೆ?
ಬೇಯುವ ನೀರು ಬೇರೆ, ಬಿಚ್ಚುವ ನೀರು ಬೇರೆ
ಎಂದು ಎರಡು ಪಾತ್ರೆ ಇಟ್ಟೆವು.
ಒಲೆಯ ಬಾಯಿ ಒಂದಿಟ್ಟಿಗೆಯಷ್ಟು ಕಿರಿದಾಯಿತು.
ಚಿಮಣಿಗೆ ಸುತ್ತಿದ ಹಳೇ ಕೊಳವೆಯಲ್ಲಿ
ಹೋಗುವ ಬಿಸಿ ಬರುವ ನೀರನ್ನು ಮಾತಾಡಿಸಿತು.
ಮುಚ್ಚಳಕ್ಕೆ ಗುಜರಿಯ ತಗಡು.

ಮೊದಲ ದಿನ ಎಳೆ ಹದಿನೇಳು ಸಲ ಕಡಿಯಿತು.
ಸಾಬರು ಮಾತಾಡಲಿಲ್ಲ.
ಅದು ಬೈಗುಳಕ್ಕಿಂತ ಉದ್ದವಾಗಿತ್ತು.
ಎರಡನೆಯ ದಿನ ಹದಿನಾಲ್ಕು.
ಐದನೆಯ ದಿನ ವೆಂಕಟರತ್ನಮ್ಮನೇ
ಥರ್ಮಾಮೀಟರನ್ನು ಸೆರಗಲ್ಲಿ ಒರೆಸಿ ಬದಿಗಿಟ್ಟು
ಗೂಡೊಂದನ್ನು ಹಿಚುಕಿ ನೋಡಿ
"ಹಸೀನೇ ಐತೆ. ಇನ್ನೊಂಚೂರು ಬೇಯ್ಲಿ" ಎಂದಳು.
ಕಡಿಯುವುದು ನಿಂತಿತು.
ಅವಳಿಗೆ ಮೊದಲೇ ಗೊತ್ತಿತ್ತು,
ನಾವು ಕೇಳಿರಲಿಲ್ಲ.

ಪಕ್ಕದ ಗೌಸ್ ಪೀರ್ ಬಂದು ನೋಡಿ
"ಹುಡುಗಾಟ" ಎಂದು ಹೋದರು.
ಮರುವಾರ ಟೇಪು ತಂದು
ಒಲೆಯ ಬಾಯಿ ಅಳೆದುಕೊಂಡು ಹೋದರು,
ಮಾತಿಲ್ಲದೆ.
ನಮ್ಮ ಸಾಬರೂ ಅಷ್ಟೆ, ಗೂಡು ಅಗ್ಗವಾದ ದಿನ
ಹಿತ್ತಲ ಹಳೇ ಒಲೆಗಳನ್ನು ಗುಟ್ಟಾಗಿ ಹಚ್ಚುತ್ತಾರೆ.
ಎದುರು ಮನೆಯ ಪಂಚೆ ನಮಗೆ ಹೇಳಿಬಿಡುತ್ತದೆ.

ನಿನ್ನೆ ರೇಷನ್ ಸಾಲಿನಲ್ಲಿ
ಅವಳ ಹಿಂದೆ ನಿಂತಿದ್ದೆ.
ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ.
ಸೆರಗಿಗೆ ಒರೆಸಿ ಒತ್ತಿದಳು. ಕೆಂಪು.
"ಮಗನ್ನ ಕರ್ಕೊಂಬಾ" ಎಂದು
ಅಂಗಡಿಯವನು ಮುಂದಿನವರತ್ತ ಕೈ ಚಾಚಿದ.
"ತಡಿಯಪ್ಪಾ" ಎಂದಳು,
ಬೆರಳ ತುದಿಯನ್ನು ತುಟಿಯ ಹತ್ತಿರ ತಂದು
ಮೆಲ್ಲಗೆ ಊದಿದಳು,
ಆರಿದಂತಿರುವ ಒಲೆಗೆ
ಊದುವ ಹಾಗೆ.